ನಳಿಗೆಯ ಬುಡದಲ್ಲಿ ಒಂದು ಗುಂಡು

ಲಾರ್ಚ್ ಫ್ಲಾಟ್, ಮೊಂಟಾನಾ
ಮೇ 9, 2017

ವೆಂಡಲ್,

ಕ್ರಿಸ್‌ಮಸ್ಸೂ ಅಲ್ಲ, ನಿನ್ನ ಹುಟ್ಟುಹಬ್ಬವೂ ಅಲ್ಲ, ಆದರೂ ತಂಗಿ ಕಾಗದ ಬರೆದಿದ್ದಾಳೆ ಅಂದರೆ ಏನೋ ಕೆಲಸ ಇರಬೇಕು ಅಂದುಕೊಂಡಿರುತ್ತೀಯ. ಇದೆ. ಬಂದೂಕಿನಂಗಡಿಯಲ್ಲಿ ಮೂವತ್ತು ವರ್ಷ ನಿಂತು ಎರಡೂ ಕಿವಿ ಕಳೆದುಕೊಂಡವನು ನೀನು. ನಿನ್ನ ಹತ್ತಿರ ಫೋನಿನಲ್ಲಿ ಮಾತಾಡುವುದೂ ಒಂದೇ, ಗೋಡೆಯ ಹತ್ತಿರ ಮಾತಾಡುವುದೂ ಒಂದೇ. ಆ ಮೂವತ್ತು ವರ್ಷ ಈಗ ನನ್ನ ಉಪಯೋಗಕ್ಕೆ ಬರಲಿ. ನನಗೊಂದು ಪಿಸ್ತೂಲು ಬೇಕು. ಯಾವುದು ತೆಗೆದುಕೊಳ್ಳಲಿ?

ಪಕ್ಕದ ಮನೆಯ ನೆಟ್ಟಿಯ ಮೇಲೆ ಹೋದ ಸೆಪ್ಟೆಂಬರಿನಲ್ಲಿ ಗ್ರಿಝ್ಲಿ ಕರಡಿ ಬಿದ್ದದ್ದು ನಿನಗೆ ಬರೆದಿದ್ದೆ. ಅವಳೂ ನನ್ನ ಹಾಗೆ ಬೆಟ್ಟದಲ್ಲಿ ಹಕಲ್‌ಬೆರಿ ಹಣ್ಣು ಕಿತ್ತು ಮಾರುವವಳು. ಕಳೆದ ಭಾನುವಾರ ಚರ್ಚಿನ ಊಟಕ್ಕೆ ಮೊದಲ ಸಲ ಬಂದಿದ್ದಳು, ತಲೆಗೆ ಸ್ಕಾರ್ಫು ಕಟ್ಟಿಕೊಂಡು. ನಾನು ಆಲೂಗಡ್ಡೆ ಬಡಿಸುವಾಗ ತಟ್ಟೆ ಮುಂದಕ್ಕೆ ಹಿಡಿಯಲು ಬಗ್ಗಿದಳು, ಸ್ಕಾರ್ಫು ಜಾರಿತು. ಎಡಗಿವಿ ಇಲ್ಲ. ಆ ಜಾಗದ ಚರ್ಮ ತೊಡೆಯಿಂದ ತೆಗೆದು ಹೊಲಿದದ್ದಂತೆ. ನನ್ನ ಕೈ ಅಲ್ಲೇ ನಿಂತುಬಿಟ್ಟಿತು.

"ಹಿಂದಿಂದ ಬಂದದ್ದು ಗೊತ್ತೇ ಆಗ್ಲಿಲ್ಲ ಕಣೆ," ಅಂದಳು. "ಮೊದ್ಲು ಬಂದದ್ದು ಬಾಯಿ ವಾಸನೆ. ಆಮೇಲೆ ಅದು."

"ಖಾರದ ಸ್ಪ್ರೇ ಇರ್ಲಿಲ್ವಾ?"

"ಇತ್ತು. ಬ್ಯಾಗಿನಲ್ಲಿ. ಬ್ಯಾಗು ಮರದ ಬುಡದಲ್ಲಿತ್ತು."

ಆ ಕರಡಿ ಸಿಕ್ಕಿಲ್ಲ. ಹಿಮ ಕರಗಿದ ಮೇಲೆ ನಮ್ಮ ಹೊಳೆಯ ದಂಡೆಯಲ್ಲಿ ಹೆಜ್ಜೆ ಕಂಡಿವೆ, ದೊಡ್ಡದೊಂದು, ಜೊತೆಗೆ ಸಣ್ಣವು.

ಬೆಟ್ಟಕ್ಕೆ ಹೋಗಬೇಡ ಅಂತ ಬರೆಯಬೇಡ. ಗಿಬ್ ತೀರಿಹೋಗಿ ನಾನು ವಿಧವೆಯಾದ ಮೇಲೆ ಬೇಸಿಗೆಯ ಆ ಹಣ್ಣೇ ನನ್ನ ವರ್ಷದ ಹೊಟ್ಟೆಪಾಡು. ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗು ಅಂತಲೂ ಬರೆಯಬೇಡ. ಅದು ಅಪ್ಪನ ಜಾಗ. ಹಕಲ್‌ಬೆರಿ ಬಿಡುವ ಜಾಗವನ್ನು ಹೊರಗಿನವರಿಗೆ ತೋರಿಸಿದವರು ಈ ಊರಿನಲ್ಲಿ ಯಾರಾದರೂ ಇದ್ದಾರೆಯೇ? ನೆಟ್ಟಿಯನ್ನು ಆಂಬುಲೆನ್ಸಿಗೆ ಏರಿಸುವಾಗಲೂ ಅವಳು ಎಲ್ಲಿ ಬಿದ್ದಿದ್ದಳು ಅನ್ನುವುದನ್ನು ಅವಳ ಗಂಡ ಸರಿಯಾಗಿ ಹೇಳಲಿಲ್ಲ. ಗಿಬ್ ಇದ್ದಾಗ ಬಂದೂಕು ಹಿಡಿದು ನನ್ನ ಬೆನ್ನಿಗೆ ನಿಂತಿರುತ್ತಿದ್ದ. ಈಗ ಅವನ ಬಂದೂಕನ್ನೂ ನಾನೇ ಹೊತ್ತರೆ ಹಣ್ಣು ಹೊರುವವರು ಯಾರು?

ಪೇಟೆಯ ಅಂಗಡಿಗೆ ಹೋಗಿದ್ದೆ. ಕೌಂಟರಿನವನು ಅಂಗೈಯಗಲದ್ದೊಂದು ತೆಗೆದಿಟ್ಟ. ಗುಲಾಬಿ ಬಣ್ಣದ ಹಿಡಿ.

"ಲೇಡೀಸ್ ಎಲ್ಲಾ ಇದನ್ನೇ ತಗೊಳ್ಳೋದು ಮೇಡಂ. ಪರ್ಸಿನಲ್ಲಿ ಕೂತುಬಿಡುತ್ತೆ."

"ಕರಡಿ ಪರ್ಸಿನೊಳಗಿಂದ ಬರಲ್ಲಪ್ಪ," ಅಂದೆ. ಅವನು ನಕ್ಕ. ಆದರೆ ಅದರ ಮೇಲ್ಭಾಗವನ್ನು ಹಿಂದಕ್ಕೆಳೆಯಲು ನನ್ನ ಹೆಬ್ಬೆರಳಿಗೆ ಆಗಲೇ ಇಲ್ಲ. ನಾಚಿಕೆಯಾಗಿ ಎದ್ದು ಬಂದೆ.

ಹೆದರಿಕೆಯಾಗುತ್ತಿದೆ, ವೆಂಡಲ್. ಸಿಂಕಿನ ಮುಂದೆ ಪಾತ್ರೆ ತೊಳೆಯುವಾಗಲೂ ತಿರುಗಿ ತಿರುಗಿ ನೋಡುತ್ತೇನೆ. ಬೇಗ ಬರಿ.

ರೀನಿ

&nbsp;

ಕಿಂಗ್‌ಮನ್, ಅರಿಝೋನಾ
ಮೇ 20, 2017

ರೀನಿ,

ಆ ಗುಲಾಬಿ ಪಿಸ್ತೂಲಿನವನನ್ನು ಒಂದು ದಿನ ನನ್ನ ಕೈಗೆ ಕೊಡು. ಅವನ ಅಜ್ಜಿಗೂ ಅದನ್ನೇ ಮಾರುತ್ತಾನಾ ಕೇಳಬೇಕು.

ಕೇಳು. ಪುಟ್ಟದ್ದು ಹೆಂಗಸರಿಗೆ ಸುಲಭ ಅನ್ನುವುದು ಕೌಂಟರಿನ ಆ ಕಡೆ ಹುಟ್ಟಿದ ಸುಳ್ಳು. ಪಿಸ್ತೂಲು ಚಿಕ್ಕದಾದಷ್ಟೂ ಒಳಗಿನ ಸ್ಪ್ರಿಂಗು ಗಟ್ಟಿ, ನಿನ್ನಿಂದಾಗದ ಆ ಮೇಲ್ಭಾಗ, ಅಂದರೆ ಸ್ಲೈಡು, ಎಳೆಯುವುದು ಕಷ್ಟ, ಹಾರಿಸಿದಾಗ ಕೈಗೆ ಒದೆಯುವುದೂ ಜಾಸ್ತಿ. ಹಿಡಿಯಲ್ಲಿ ಎರಡು ಬೆರಳಿಗಷ್ಟೇ ಜಾಗ, ಕಿರುಬೆರಳು ಗಾಳಿಯಲ್ಲಿ. ಹಾಗಂತ ಹತ್ತು ಎಂಎಂ ಗುಂಡಿನ ದೊಡ್ಡ ಪಿಸ್ತೂಲು ತೆಗೆದುಕೊಳ್ಳಬೇಡ. ಗ್ರಿಝ್ಲಿಗೆ ಅದೇ ಒಳ್ಳೆಯದು ನಿಜ, ನನ್ನ ಹತ್ತಿರ ಇರುವುದೂ ಅದೇ. ನಿನ್ನ ಕೈಯಲ್ಲಿ ಮೊದಲನೆಯ ಗುಂಡು ಕರಡಿಗೆ ಹೋದರೆ ಎರಡನೆಯದು ಚಂದ್ರನಿಗೆ ಹೋಗುತ್ತದೆ.

ನಿನಗೆ ನಡುವಿನದು. ಒಂಬತ್ತು ಎಂಎಂ, ಕಾಂಪ್ಯಾಕ್ಟ್ ಅನ್ನುತ್ತಾರೆ, ನಾಲ್ಕು ಬೆರಳೂ ಹಿಡಿಯ ಮೇಲೆ ಕೂರಬೇಕು. ಅಂಗಡಿಯಲ್ಲಿ ಕೈಗೆ ತೆಗೆದುಕೊಂಡು ಮೊದಲು ಖಾಲಿ ಇದೆಯಾ ಅಂತ ನೀನೇ ತೆರೆದು ನೋಡು. ಅವನು ನೋಡಿಕೊಟ್ಟಿದ್ದರೂ ನೋಡು. ಆಮೇಲೆ ಕಣ್ಣು ಮುಚ್ಚಿ ಗೋಡೆಯ ಮೂಲೆಗೆ ತೋರಿಸು. ಕಣ್ಣು ತೆರೆದಾಗ ಗುರಿಯ ಕಡ್ಡಿ ಆ ಮೂಲೆಯ ಹತ್ತಿರ ಇದ್ದರೆ ಅದು ನಿನ್ನ ಕೈಯದು. ಎಲ್ಲೋ ಇದ್ದರೆ ವಾಪಸು ಕೊಡು. ಇನ್ನು ನಿನ್ನ ಹೆಬ್ಬೆರಳು. ಸ್ಲೈಡನ್ನು ಹಿಂದಕ್ಕೆ ಎಳೆಯಬೇಡ ಮಾರಾಯ್ತಿ. ಎಡಗೈಯಲ್ಲಿ ಅದನ್ನು ಮುಷ್ಟಿಯಾಗಿ ಹಿಡಿದುಕೊಂಡು ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ತಳ್ಳು. ಬಾಗಿಲು ತಳ್ಳಿದ ಹಾಗೆ. ನಾನೇ ಒಂದು ಆರಿಸಿ ಕಳಿಸಿಬಿಡುತ್ತಿದ್ದೆ, ಆದರೆ ರಾಜ್ಯ ದಾಟಿಸಿ ಹಾಗೆ ಕಳಿಸುವಂತಿಲ್ಲ.

ಗುಂಡು ಗಟ್ಟಿ ಸೀಸದ್ದೇ ಕೇಳು. ತುದಿ ಟೊಳ್ಳಾಗಿರುವವು ಮನುಷ್ಯರಿಗೆ, ಮೈ ಹೊಕ್ಕ ಕೂಡಲೇ ಅರಳುತ್ತವೆ. ಕರಡಿಗೆ ಆಳಕ್ಕೆ ಹೋಗಬೇಕು. ಒರೆ ಸೊಂಟಕ್ಕೆ ಬೇಡ, ಅಲ್ಲಿ ನಿನ್ನ ಹಣ್ಣಿನ ಡಬ್ಬಿ ಇರುತ್ತದೆ. ಎದೆಗೆ ಕಟ್ಟುವ ಒರೆ ತೆಗೆದುಕೊ. ಖಾರದ ಸ್ಪ್ರೇಯೂ ಮೈಮೇಲೇ ಇರಲಿ. ಮೊದಲು ಸ್ಪ್ರೇ, ಆಮೇಲೆ ಪಿಸ್ತೂಲು.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ನಳಿಗೆಯ ಬುಡದಲ್ಲಿ ಯಾವಾಗಲೂ ಒಂದು ಗುಂಡು ಕೂತಿರಬೇಕು. ಹಿಡಿಯೊಳಗಿನ ಮ್ಯಾಗಝೀನಿನಲ್ಲಿ ಹದಿನೈದು ಗುಂಡಿವೆ, ಬೇಕಾದಾಗ ಸ್ಲೈಡು ಎಳೆದು ತುಂಬಿಸಿಕೊಳ್ಳುತ್ತೇನೆ ಅನ್ನುವವರು ನನ್ನ ಕೌಂಟರಿಗೆ ಬೇಕಾದಷ್ಟು ಜನ ಬಂದಿದ್ದಾರೆ. ಎಳೆಯುವುದಕ್ಕೆ ಎರಡು ಕೈ ಬೇಕು. ನಿನ್ನ ಒಂದು ಕೈ ಆಗಲೇ ಕರಡಿಯ ಬಾಯಲ್ಲಿದ್ದರೆ? ಬುಡದಲ್ಲಿ ಗುಂಡಿಲ್ಲದ ಪಿಸ್ತೂಲು ಬರೀ ಕಲ್ಲು. ಇದೊಂದು ಮಾತು ನಡೆಸಿಕೊಡು.

ನಿನ್ನ ಕಾಗದ ಬಂದಾಗಿನಿಂದ ನನಗೂ ಊಟ ರುಚಿಸುತ್ತಿಲ್ಲ.

ವೆಂಡಲ್

&nbsp;

ಲಾರ್ಚ್ ಫ್ಲಾಟ್
ಜೂನ್ 18, 2017

ವೆಂಡಲ್,

ತೆಗೆದುಕೊಂಡೆ. ಕೌಂಟರಿನವನು ಒಂದಾದ ಮೇಲೊಂದು ಇಡುತ್ತಾ ಹೋದ, ನಾನು ಕಣ್ಣು ಮುಚ್ಚಿ ಮೂಲೆಗೆ ತೋರಿಸುತ್ತಾ ಹೋದೆ. ಪಕ್ಕದಲ್ಲಿ ಮೀನಿನ ಗಾಳ ನೋಡುತ್ತಿದ್ದ ಮುದುಕ, "ಏನಮ್ಮಾ, ಪ್ರಾರ್ಥನೆ ಮಾಡ್ತಿದ್ದೀಯಾ?" ಅಂದ. "ಹೌದು, ನಿಮ್ಮ ಕಡೆ ತಿರುಗದೇ ಇರ್ಲಿ ಅಂತ," ಅಂದೆ. ನಾಲ್ಕನೆಯದು ಮೂಲೆಗೇ ಕೂತಿತ್ತು. ಕಪ್ಪು, ಚಂದವೇನೂ ಇಲ್ಲ, ಆದರೆ ಕೈಯೊಳಗೆ ಹಳೆಯ ಚಾಕುವಿನ ಹಿಡಿಯ ಹಾಗೆ ಕೂರುತ್ತದೆ. ಬಾಗಿಲು ತಳ್ಳಿದ ಹಾಗೆ ತಳ್ಳಿದೆ, ಸ್ಲೈಡು ತೆರೆದುಕೊಂಡಿತು. ಕೌಂಟರಿನವನು, "ಯಾರು ಹೇಳಿಕೊಟ್ರು?" ಅಂದ. ಅಣ್ಣ ಅಂದೆ.

ಊರಾಚೆಯ ಜಲ್ಲಿ ಕ್ವಾರಿಗೆ ಹೋಗಿ ದಿನಾ ಹಾರಿಸಿ ಕಲಿಯುತ್ತಿದ್ದೇನೆ. ಮೊದಲ ದಿನ ಒಂದು ಹಾರಿಸಿ ಟ್ರಕ್ಕಿನಲ್ಲಿ ಕೂತು ಅತ್ತೆ. ಯಾಕೆ ಅಂತ ಗೊತ್ತಿಲ್ಲ. ಈಗ ಪರವಾಗಿಲ್ಲ. ಹತ್ತು ಗಜದಿಂದ ಹೊಡೆದ ಒಂದು ಗುರಿಹಾಳೆ ಇದರ ಜೊತೆ ಇಟ್ಟಿದ್ದೇನೆ, ನೋಡು.

ಒರೆ ಎದೆಗೆ ಕಟ್ಟಿಕೊಂಡು ಮನೆಯೊಳಗೇ ಓಡಾಡಿ ಅಭ್ಯಾಸ ಮಾಡುತ್ತೇನೆ. ನೆಟ್ಟಿ ಬಂದವಳು ನೋಡಿ ನಗಲಿಲ್ಲ. ಮುಟ್ಟಿ ನೋಡಿ, "ನಂಗೂ ಒಂದು ತಗೋಬೇಕು. ಆದ್ರೆ ನಾನಿನ್ನು ಹೋಗಲ್ಲ ಕಣೆ," ಅಂದಳು.

ಒಲೆಯ ಮುಂದೆ ಬಗ್ಗಿದರೆ ನಳಿಗೆ ನನ್ನ ಎಡತೋಳನ್ನೇ ನೋಡುತ್ತಿರುತ್ತದೆ. ಹಣ್ಣು ಕೀಳುವುದೆಂದರೆ ದಿನವೆಲ್ಲ ಬಗ್ಗುವುದೇ. ಆದರೂ ನೀನು ಹೇಳಿದ ಹಾಗೆಯೇ ಇಟ್ಟುಕೊಳ್ಳುತ್ತೇನೆ, ಬುಡದಲ್ಲಿ ಒಂದು. ಮತ್ತೆ ಮತ್ತೆ ಅದನ್ನು ಕೇಳಬೇಡ.

ರೀನಿ

&nbsp;

ಕಿಂಗ್‌ಮನ್
ಜುಲೈ 2, 2017

ರೀನಿ,

ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಹತ್ತು ಗಜದಿಂದ ಈ ಗುರಿಯಾ! ಅಂಗಡಿಯ ಹಳೆಯ ಗೆಳೆಯರು ಕಾಫಿಗೆ ಬಂದಾಗ ಎಲ್ಲರಿಗೂ ತೋರಿಸಿದೆ. ಇಷ್ಟು ಬೇಗ ಕೈ ಪಳಗಿದ್ದು ನೋಡಿ ನನ್ನ ಜೀವಕ್ಕೆ ಸಮಾಧಾನವಾಯಿತು. ಹೆದರಿಕೆ ಅನ್ನುತ್ತಿದ್ದವಳು ನೀನೇನಾ?

ಆದರೂ ಬೆನ್ನಿಗೊಬ್ಬರು ಬೇಕು. ನಾನು ಬರಲಾ? ಅಪ್ಪನ ಜಾಗ ನನಗಿನ್ನೂ ಮರೆತುಹೋಗಿಲ್ಲ. ಸುಟ್ಟ ದೇವದಾರುಗಳನ್ನು ದಾಟಿ, ಬಂಡೆಯ ಎಡಕ್ಕೆ. ಇಲ್ಲಿ ಬಿಸಿಲಿಗೆ ರಸ್ತೆಯ ಡಾಂಬರೂ ಕರಗುತ್ತಿದೆ, ನನಗೂ ತಂಪು ಬೇಕು.

ವೆಂಡಲ್

&nbsp;

ಲಾರ್ಚ್ ಫ್ಲಾಟ್
ಆಗಸ್ಟ್ 3, 2017

ವೆಂಡಲ್,

ಬರಬೇಡ. ನಿನ್ನ ಮಂಡಿ ಆ ಏರಿಗೆ ಆಗುವುದಿಲ್ಲ. ಕಿವಿಯಂತೂ ಕೇಳುವುದೇ ಬೇಡ. ಕರಡಿ ಬಂದರೆ ನನ್ನನ್ನು ಕಾಪಾಡಿಕೊಳ್ಳಲಾ, ನಿನ್ನನ್ನು ಕರೆಯಲಾ?

ಹಣ್ಣು ಈ ವರ್ಷ ಹೇಗೆ ಬಿಟ್ಟಿದೆ ಅಂದರೆ ಕೊಂಬೆ ನೆಲ ಮುಟ್ಟುತ್ತಿದೆ. ನನಗಿಂತ ಮೊದಲೇ ಆ ಕರಡಿಗೆ ಗೊತ್ತಾಗಿದೆ. ಮೊನ್ನೆ ಬಂಡೆಯ ಹತ್ತಿರ ಲದ್ದಿ ನೋಡಿದೆ. ನೇರಳೆ ಬಣ್ಣ, ಹಣ್ಣಿನ ಸಿಪ್ಪೆ ಹಾಗೆಯೇ ಇತ್ತು. ಮುಟ್ಟಿದರೆ ಬಿಸಿ. ಪಕ್ಕದಲ್ಲಿ ಕೊಳೆತ ಮರದ ದಿಮ್ಮಿ, ನಾವಿಬ್ಬರೂ ಸೇರಿ ಅಲುಗಾಡಿಸಲಾರದ್ದು, ಮಗುಚಿಬಿದ್ದಿತ್ತು. ಮರಿಗಳು ಇರುವೆ ತಿಂದಿದ್ದವು.

ಕೂಗಬೇಕಿತ್ತು. ಶಬ್ದ ಮಾಡಿದರೆ ಕರಡಿ ತಾನಾಗಿ ದೂರ ಹೋಗುತ್ತದೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಕೆಳಗಿನ ರಸ್ತೆಯಲ್ಲಿ ಬೇರೆ ಊರಿನವರ ಎರಡು ಟ್ರಕ್ಕು ನಿಂತಿದ್ದವು. ಕೂಗಿದರೆ ನಾಳೆ ಅವರು ಡಬ್ಬಿ ಹಿಡಿದು ಅಲ್ಲಿರುತ್ತಾರೆ. ಹಣ್ಣಿನ ನಡುವೆ ಬಾಯಿ ತೆರೆದರೆ ಅಪ್ಪ ಹೇಗೆ ನೋಡುತ್ತಿದ್ದ ಅನ್ನುವುದು ನಿನಗೆ ನೆನಪಿದೆಯಲ್ಲ? ಬಾಯಿ ಮುಚ್ಚಿಕೊಂಡು ಕಿತ್ತೆ. ಒಂದು ಕೈಯಲ್ಲಿ ಕೀಳುವುದು, ಇನ್ನೊಂದು ಕೈ ಎದೆಯ ಮೇಲೆ.

ಮಧ್ಯಾಹ್ನ ಪೊದೆಯ ಆ ಕಡೆ ಉಸಿರು ಕೇಳಿಸಿತು. ಹುಂ, ಹುಂ ಅಂತ. ಪಿಸ್ತೂಲು ಕೈಗೆ ಬಂದದ್ದು ಗೊತ್ತಾಗಲಿಲ್ಲ. ಗಾಳಿ ಇತ್ತಾ, ಅದೇ ಇತ್ತಾ, ನನ್ನ ಉಸಿರೇ ಇತ್ತಾ ಹೇಳಲಾರೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಹೆದರಿದವರಿಗೆ ಹಗ್ಗವೂ ಹಾವು ಅನ್ನುತ್ತಾರೆ. ಹಗ್ಗ ಅಂದುಕೊಂಡು ಹಾವು ತುಳಿದವಳು ನೆಟ್ಟಿ. ನಾನು ಯಾವುದನ್ನು ನಂಬಲಿ?

ನಾಳೆಯೂ ಹೋಗಬೇಕು.

ರೀನಿ

&nbsp;

ಕಿಂಗ್‌ಮನ್
ಆಗಸ್ಟ್ 30, 2017

ರೀನಿ,

ಸುಖವಾಗಿ ಮನೆ ಸೇರಿದೆ. ನೀನು ಕಟ್ಟಿಕೊಟ್ಟ ಹಕಲ್‌ಬೆರಿ ಪೈ ಯೂಟಾ ದಾಟುವ ಮೊದಲೇ ಮುಗಿಯಿತು.

ಹೇಳದೆ ಬಂದದ್ದಕ್ಕೆ ಇನ್ನೂ ಸಿಟ್ಟಿದೆಯಾ? ನಿನ್ನ ಕೊನೆಯ ಕಾಗದ ಓದಿದ ಮೇಲೆ ಇಲ್ಲಿ ಕೂತಿರಲು ಆಗಲಿಲ್ಲ. ಮನೆಗೆ ಬಂದರೆ ನೀನಿಲ್ಲ, ಬೆಟ್ಟಕ್ಕೆ ಹೋದಳು ಅಂತ ನೆಟ್ಟಿ ಕೈಸನ್ನೆ ಮಾಡಿದಳು. ಮಂಡಿಗೆ ಬೈಯುತ್ತಾ ಹತ್ತಿದೆ. ನನ್ನನ್ನು ನೋಡಿದಾಗ ನಿನ್ನ ಮುಖ ಹಾಲಿನ ಹಾಗೆ ಬಿಳಿಚಿತ್ತು! ಕರಡಿ ಅಂದುಕೊಂಡೆಯಾ? ಅರವತ್ತೇಳು ವರ್ಷದ, ಹೊಟ್ಟೆ ಬಂದ, ಕಂದು ಕೋಟಿನ ಕರಡಿ. ಪಿಸ್ತೂಲು ಆಗ ನಿನ್ನ ಕೈಯಲ್ಲಿತ್ತು, ಮೂತಿ ನೆಲಕ್ಕಿತ್ತು. ಸರಿಯಾದ ಕ್ರಮ. ಸಂಜೆ ಊಟದ ಮೇಜಿನ ಮೇಲೆ ನೀನು ಕೊಟ್ಟಾಗ ತೆರೆದು ನೋಡಿದೆನಲ್ಲ, ಬುಡ ಖಾಲಿ ಇತ್ತು. ಮನೆಗೆ ಬಂದ ಕೂಡಲೇ ಖಾಲಿ ಮಾಡುವುದು ಒಳ್ಳೆಯ ಅಭ್ಯಾಸ.

ನಾನು ಅಲ್ಲಿದ್ದ ಮೂರು ದಿನ ನೀನು ಮಾತೇ ಆಡಲಿಲ್ಲ. ನನಗೆ ಕೇಳಿಸುವುದಿಲ್ಲ ಅಂತ ಸುಮ್ಮನಿದ್ದೀಯ ಅಂದುಕೊಂಡೆ.

ವೆಂಡಲ್

&nbsp;

ಲಾರ್ಚ್ ಫ್ಲಾಟ್
ಅಕ್ಟೋಬರ್ 1, 2017

ವೆಂಡಲ್,

ಹಣ್ಣು ಮುಗಿಯಿತು. ಬೆಟ್ಟದ ಮೇಲೆ ಹಿಮ ಬಿದ್ದಿದೆ. ಪಿಸ್ತೂಲು ಮಾರಿಬಿಡಬೇಕು ಅಂತಿದ್ದೇನೆ. ಹೆಬ್ಬೆರಳು ನೋಯುತ್ತದೆ.

ರೀನಿ

&nbsp;

ಕಿಂಗ್‌ಮನ್
ಅಕ್ಟೋಬರ್ 10, 2017

ರೀನಿ,

ಹೆಬ್ಬೆರಳಿಗೆ ಬಿಸಿನೀರಿನ ಶಾಖ ಕೊಡು. ಪಿಸ್ತೂಲು ಯಾಕೆ ಮಾರುತ್ತೀಯ? ಕರಡಿ ಇನ್ನೂ ಅಲ್ಲೇ ಇದೆ. ಮುಂದಿನ ವರ್ಷವೂ ಹಣ್ಣು ಬಿಡುತ್ತದೆ. ಇಷ್ಟು ಕಷ್ಟಪಟ್ಟು ಆರಿಸಿದ್ದೇವೆ. ಸುಮ್ಮನೆ ಒಳಗಿಡು, ಆ ವಿಷಯ ಈಗ ಬೇಡ.

ವೆಂಡಲ್

&nbsp;

ಲಾರ್ಚ್ ಫ್ಲಾಟ್
ನವೆಂಬರ್ 24, 2017

ವೆಂಡಲ್,

ನಿನ್ನೆ ನೆಟ್ಟಿಯ ಮನೆಯಲ್ಲಿ ಥ್ಯಾಂಕ್ಸ್‌ಗಿವಿಂಗ್ ಊಟ. ಟರ್ಕಿ ಕೊಯ್ಯುವ ಮೊದಲು ಎಲ್ಲರೂ ಕೈಕೈ ಹಿಡಿದುಕೊಂಡು ಈ ವರ್ಷ ಯಾವುದಕ್ಕೆ ಕೃತಜ್ಞರು ಅಂತ ಹೇಳಬೇಕು. ನೆಟ್ಟಿ, "ಒಂದು ಕಿವಿ ಉಳೀತಲ್ಲ, ಅದಕ್ಕೆ," ಅಂದಳು, ಎಲ್ಲರೂ ನಕ್ಕರು. ನನ್ನ ಸರದಿ ಬಂತು. "ನಮ್ಮಣ್ಣ ಇನ್ನೂ ಇದ್ದಾನೆ, ಅದಕ್ಕೆ," ಅಂದೆ. ಆಮೇಲೆ ಒಂದು ತುತ್ತೂ ಇಳಿಯಲಿಲ್ಲ. ಮೂರು ತಿಂಗಳಿನಿಂದ ಇದು ಗಂಟಲಲ್ಲಿ ಕೂತಿದೆ. ನುಂಗಲೂ ಆಗುತ್ತಿಲ್ಲ, ಉಗುಳಲೂ ಆಗುತ್ತಿಲ್ಲ. ಇವತ್ತು ಉಗುಳುತ್ತೇನೆ.

ನಾನು ಯಾವತ್ತೂ ಬುಡದಲ್ಲಿ ಗುಂಡು ಇಟ್ಟುಕೊಳ್ಳಲೇ ಇಲ್ಲ. ಒಂದು ದಿನವೂ ಇಲ್ಲ. ಬಗ್ಗಿದಾಗಲೆಲ್ಲ ಅದು ನನ್ನ ತೋಳನ್ನು ನೋಡುತ್ತಿತ್ತಲ್ಲ, ಕರಡಿಗಿಂತ ಅದಕ್ಕೇ ನನಗೆ ಹೆದರಿಕೆ. ನಿನಗೆ ಹೇಳಿದರೆ ಬೈಯುತ್ತೀಯ ಅಂತ ಸುಳ್ಳು ಬರೆದೆ. ಆ ಗುರಿಹಾಳೆಯೂ ಹತ್ತು ಗಜದ್ದಲ್ಲ. ಹಾಳೆಯ ಮುಂದೆಯೇ ನಿಂತು ಹೊಡೆದದ್ದು. ನೀನು ಅದನ್ನು ಫ್ರಿಜ್ಜಿಗೆ ಅಂಟಿಸಿದೆ ಅಂತ ಓದಿದ ಮೇಲೆ ನಿಜ ಹೇಳುವ ಬಾಯಿ ಇರಲಿಲ್ಲ.

ಆವತ್ತು ಬೆಳಗ್ಗಿನಿಂದ ಪೊದೆಯಲ್ಲಿ ಸರಸರ ಇತ್ತು. ನಾನು ಡಬ್ಬಿ ತುಂಬಿ ಎದ್ದು ನಿಂತೆ, ತಿರುಗಿದೆ. ಬಂಡೆಯ ಪಕ್ಕದಲ್ಲಿ ಪೊದೆಯ ಮೇಲೆ ಕಂದು ಬೆನ್ನು. ಬಗ್ಗಿತ್ತು. ಅಲುಗಾಡುತ್ತಿತ್ತು. ಗೊರಗೊರ ಅಂತ ಉಸಿರು, ಓಕರಿಸಿದ ಹಾಗೆ. ಇಷ್ಟು ಹತ್ತಿರ ವೆಂಡಲ್, ನಮ್ಮ ಅಡುಗೆಮನೆಯ ಈ ಗೋಡೆಯಿಂದ ಆ ಗೋಡೆಗೆ. ಎಡಗೈ ಸ್ಪ್ರೇಗೆ ಹೋಗಲೇ ಇಲ್ಲ. ಬಲಗೈ ಪಿಸ್ತೂಲು ಎಳೆಯಿತು. "ಯಾರದು?" ಅಂದೆ. ಜೋರಾಗಿ ಕೂಗಿದೆ ಅಂತ ನನಗೇ ನಾನು ಹೇಳಿಕೊಳ್ಳುತ್ತಿದ್ದೆ. ಇಲ್ಲ. ಪಿಸುಗುಟ್ಟಿದೆ. ಅಪ್ಪನ ಜಾಗದಲ್ಲಿ ಕೂಗುವ ಅಭ್ಯಾಸ ನನ್ನ ಗಂಟಲಿಗೇ ಇಲ್ಲ. ಕೂಗಿದ್ದರೂ ನಿನಗೆ ಕೇಳಿಸುತ್ತಿತ್ತಾ?

ಉತ್ತರ ಬರಲಿಲ್ಲ. ಬೆನ್ನಿನ ನಡುವಿಗೆ ಗುರಿಯಿಟ್ಟು ಟ್ರಿಗರ್ ಎಳೆದೆ.

ಟಿಕ್ ಅಂದಿತು. ಅಷ್ಟೇ.

ಸ್ಲೈಡು ಎಳೆದು ಗುಂಡು ತುಂಬಿಸಬೇಕು ಅನ್ನುವುದು ಆ ಗಳಿಗೆಯಲ್ಲಿ ಮರೆತೇಹೋಯಿತು. ನಿನ್ನ ಜೀವ ಉಳಿದದ್ದು ಒಮ್ಮೆ ನನ್ನ ಸುಳ್ಳಿನಿಂದ, ಇನ್ನೊಮ್ಮೆ ನನ್ನ ಮರೆವಿನಿಂದ. ಆಮೇಲೆ ಆ ಬೆನ್ನು ಎದ್ದು ನಿಂತಿತು, ತಿರುಗಿತು, ನೀನಾಯಿತು. ನೀನು ನಕ್ಕು, "ಹೆದರಿದ್ಯಾ ಇಲಿಮರಿ?" ಅಂದೆ. ಚಿಕ್ಕಂದಿನಲ್ಲಿ ಕರೆದ ಹಾಗೆ. ಮೂತಿ ನೆಲಕ್ಕಿದ್ದದ್ದು ಕ್ರಮ ಗೊತ್ತಿದ್ದಕ್ಕಲ್ಲ. ಕೈಯಲ್ಲಿ ಬಲ ಇರಲಿಲ್ಲ.

ಈಗ ರಾತ್ರಿ ಮಲಗಿದರೆ ಕರಡಿ ಬರುವುದಿಲ್ಲ. ಆ ಬೆನ್ನು ಬರುತ್ತದೆ. ಒಂದೊಂದು ಸಲ ಟಿಕ್ ಅನ್ನುವುದಿಲ್ಲ.

ನೀನು ಹೇಳಿದ ಹಾಗೆ ಕೇಳಿದ್ದರೆ ನಿನ್ನನ್ನು ಕೊಂದಿರುತ್ತಿದ್ದೆ. ಇದನ್ನು ಓದಿ ಏನು ಬೇಕಾದರೂ ಬರಿ. ಬೈಯಿ. ಆದರೆ ಬರಿ.

ರೀನಿ

&nbsp;

ಲಾರ್ಚ್ ಫ್ಲಾಟ್
ಜನವರಿ 6, 2018

ವೆಂಡಲ್,

ಕ್ರಿಸ್‌ಮಸ್‌ಗೂ ನಿನ್ನಿಂದ ಕಾರ್ಡು ಬರಲಿಲ್ಲ. ನಿನ್ನ ಪಕ್ಕದ ಮನೆಗೆ ಫೋನು ಮಾಡಿ ಕೇಳಿದೆ. ದಿನಾ ಬೆಳಿಗ್ಗೆ ಕಾಗದದ ಡಬ್ಬಿಯವರೆಗೆ ನಡೆದು ಬರುತ್ತಾನೆ, ಚೆನ್ನಾಗಿಯೇ ಇದ್ದಾನೆ ಅಂದರು. ಹಾಗಾದರೆ ನನಗೆ ಬರೆಯಲು ಇಷ್ಟವಿಲ್ಲ. ನನಗೆ ಆಗಬೇಕಾದ್ದೇ.

ರೀನಿ

&nbsp;

ಕಿಂಗ್‌ಮನ್
ಫೆಬ್ರವರಿ 11, 2018

ರೀನಿ,

ನಿನ್ನ ಮೇಲೆ ಸಿಟ್ಟಿಲ್ಲ. ಬರೆಯಲು ಕೂತು ಹರಿದುಹಾಕಿದ ಹಾಳೆಗಳನ್ನು ನೋಡಿದ್ದರೆ ನಿನಗೇ ಗೊತ್ತಾಗುತ್ತಿತ್ತು. ಹೆದರಿಕೆ. ನನಗೆ, ಗೊತ್ತಾಯಿತಾ, ವೆಂಡಲ್‌ಗೆ.

ನೀನು ಬರೆದದ್ದು ನನಗೆ ಹೊಸ ಸುದ್ದಿಯಲ್ಲ. ಆವತ್ತು ಸಂಜೆ ಮೇಜಿನ ಮೇಲೆ ನಿನ್ನ ಪಿಸ್ತೂಲು ಕೈಗೆ ಬಂದಾಗಲೇ ನೋಡಿದೆ. ಟ್ರಿಗರು ಹಿಂದಕ್ಕೆ ಕೂತಿತ್ತು. ಆ ಥರದ ಪಿಸ್ತೂಲಿನಲ್ಲಿ ಎಳೆದ ಮೇಲೆಯೇ ಅದು ಹಾಗೆ ಕೂರುವುದು. ಬುಡ ಖಾಲಿ, ಟ್ರಿಗರು ಎಳೆದಿದೆ, ನಿನ್ನ ಮುಖ ಹಾಗಿದೆ. ಮನೆಗೆ ಬಂದು ಖಾಲಿ ಮಾಡಿರುತ್ತಾಳೆ ಅಂತ ನನಗೆ ನಾನೇ ಹೇಳಿಕೊಂಡೆ, ನಿನಗೂ ಅದನ್ನೇ ಬರೆದೆ. ನೀನು ಮಾರುತ್ತೇನೆ ಅಂದಾಗ ಆ ವಿಷಯ ಬೇಡ ಅಂದೆ. ನೀನು ಬಾಯಿ ಬಿಟ್ಟರೆ ನಾನೂ ಬಿಡಬೇಕಾಗುತ್ತಿತ್ತು.

ನಾನು ಬಗ್ಗಿದ್ದು ಯಾಕೆ ಅಂತ ನೀನು ಕೇಳಲಿಲ್ಲ.

ಸುಟ್ಟ ದೇವದಾರುಗಳನ್ನು ದಾಟಿದಾಗಲೇ ಕೂಗಬೇಕಿತ್ತು. ಕರಡಿಯ ಕಾಡಿನಲ್ಲಿ ಕೂಗುತ್ತಾ ಹೋಗಿ ಅಂತ ಸಾವಿರ ಜನಕ್ಕೆ ಕೌಂಟರಿನಲ್ಲಿ ಹೇಳಿದ್ದೇನೆ. ಅಪ್ಪನ ಜಾಗ ಹತ್ತಿರವಾದ ಕೂಡಲೇ ನನ್ನ ಬಾಯಿಯೂ ತಾನಾಗಿ ಮುಚ್ಚಿತು. ಹಿಂದಿನಿಂದ ಬಂದು ನಿನ್ನನ್ನು ಬೆಚ್ಚಿಬೀಳಿಸಬೇಕು ಅನ್ನುವ ಮಕ್ಕಳಾಟ ಬೇರೆ. ಬಂಡೆಯ ತಿರುವಿನಲ್ಲಿ ಪೊದೆಯೊಳಗೆ ಕಂದು ಬಣ್ಣ ಕಂಡಿತು. ದೊಡ್ಡದು. ಬಗ್ಗಿ ಹಣ್ಣು ತಿನ್ನುತ್ತಿತ್ತು. ನನ್ನ ಕಣ್ಣಿನಲ್ಲಿ ಪೊರೆ ಬಂದಿದೆ, ನಿನಗೆ ಬರೆದಿರಲಿಲ್ಲ. ಅದು ನಿನ್ನನ್ನು ಆಗಲೇ ಮುಗಿಸಿ ಹಣ್ಣು ತಿನ್ನುತ್ತಿದೆ ಅನ್ನಿಸಿತು. ಪಿಸ್ತೂಲು ಎಳೆದೆ. ಬೆರಳು ಟ್ರಿಗರಿನ ಮೇಲೆ ಹೋಯಿತು. ಅರ್ಧದವರೆಗೆ ಎಳೆದಿದ್ದೆ, ರೀನಿ. ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಅಂತ ನನ್ನ ಬೆರಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಹಿಡಿಯುವಲ್ಲಿಗೆ ಬಂದಿತ್ತು.

ಆಗ ನೀನು ತೋಳಿನಿಂದ ಮೂಗು ಒರೆಸಿಕೊಂಡೆ.

ಬೆರಳು ಸಡಿಲವಾಯಿತು. ನೀನು ತಿರುಗುವ ಮೊದಲು ಪಿಸ್ತೂಲನ್ನು ಒರೆಗೆ ಹಾಕಬೇಕು, ನಿನಗೆ ಕಾಣಿಸಬಾರದು ಅಂತ ಬೆನ್ನು ತಿರುಗಿಸಿದೆ. ತಡಕಾಡಿ ಒರೆಯ ಬಾಯಿ ಹುಡುಕಿ ಒಳಗೆ ತುರುಕಿದೆ. ಅಲ್ಲೇ ಬಗ್ಗಿದೆ, ವಾಂತಿಯಾಯಿತು. ನಾನು ಎಷ್ಟು ಶಬ್ದ ಮಾಡುತ್ತಿದ್ದೆ ಅಂತ ನನಗೆ ಕೇಳಿಸಲಿಲ್ಲ. ನೀನು ನೋಡಿದ ಕರಡಿ ಅದು.

ನೀನು ಮೂರು ತಿಂಗಳು ಹೊತ್ತದ್ದು ಒಂದು ಟಿಕ್. ನಿನ್ನದು ಖಾಲಿ ಇತ್ತು.

ನನ್ನದು ತುಂಬಿತ್ತು.

ಇನ್ನು ಯಾರಿಗೂ ಯಾವ ಪಿಸ್ತೂಲು ಒಳ್ಳೆಯದು ಅಂತ ಹೇಳುವ ಧೈರ್ಯ ನನಗಿಲ್ಲ. ಮುಂದಿನ ಆಗಸ್ಟಿನಲ್ಲಿ ನೀನು ಒಬ್ಬಳೇ ಆ ಬೆಟ್ಟ ಹತ್ತುತ್ತೀಯ ಅಂತ ಇಲ್ಲಿ ಕೂತು ಹೆದರುತ್ತೇನೆ. ಬಂದರೆ ಮತ್ತೆ ಏನಾಗುತ್ತದೋ ಅಂತಲೂ ಹೆದರುತ್ತೇನೆ. ಬಾ ಅನ್ನುತ್ತೀಯೋ, ಬೇಡ ಅನ್ನುತ್ತೀಯೋ, ತಿಳಿಸು.

ವೆಂಡಲ್

&nbsp;

ಲಾರ್ಚ್ ಫ್ಲಾಟ್
ಮಾರ್ಚ್ 4, 2018

ವೆಂಡಲ್,

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ. ಓದಿ ಮುಗಿಸಿದ ಮೇಲೆ ನನ್ನ ಬೆನ್ನು ತಣ್ಣಗಾಯಿತು, ಮೈಮೇಲಿದ್ದ, ಆವತ್ತಿನ ಅದೇ ಕಂದು ಸ್ವೆಟರಿನೊಳಗೆ. ಅಲ್ಲಿಗೇ ಗುರಿಯಿಟ್ಟಿದ್ದೆಯಾ? ಹೇಳಬೇಡ.

ಆಮೇಲೆ ಸಿಟ್ಟು ಬಂತು. ಆಮೇಲೆ ಅಳು ಬಂತು. ಆಮೇಲೆ ಎಷ್ಟೋ ದಿನದ ಮೇಲೆ ನಿದ್ದೆ ಬಂತು.

ಬಾ. ಕರಡಿ ಇದೆ. ಚಳಿಗಾಲದ ನಿದ್ದೆಗೆ ಹೋಗುವ ಮೊದಲೂ ಹೊಳೆಯ ದಂಡೆಯಲ್ಲಿ ಅದರ ಹೆಜ್ಜೆ ನೋಡಿದ್ದೆ, ಮರಿಗಳು ದೊಡ್ಡವಾಗಿವೆ. ಈಗಲೂ ಹೆದರಿಕೆಯೇ. ಎರಡು ಸ್ಪ್ರೇ ತಂದಿಟ್ಟಿದ್ದೇನೆ. ಪಿಸ್ತೂಲು ಎರಡೂ ಕೆಳಗೆ ಟ್ರಕ್ಕಿನಲ್ಲಿ ಬೀಗ ಹಾಕಿರಲಿ. ನೆಟ್ಟಿಗೆ ಜಾಗ ಎಲ್ಲಿದೆ ಅಂತ ಹೇಳಿದ್ದೇನೆ, ಅವಳೂ ನಮ್ಮ ಜೊತೆ ಬರುತ್ತಾಳಂತೆ. ಅಪ್ಪ ಗೋರಿಯಲ್ಲಿ ಮಗ್ಗುಲು ಬದಲಿಸಿದರೆ ಬದಲಿಸಲಿ.

ರಸ್ತೆಯಿಂದ ಹತ್ತುವಾಗಲೇ ಕೂಗುತ್ತಾ ಬಾ. ನಾನೂ ಮೇಲಿನಿಂದ ಕೂಗುತ್ತಿರುತ್ತೇನೆ. ನಿನಗೆ ಕೇಳಿಸುವುದಿಲ್ಲ ಅಂತ ಗೊತ್ತು. ಆದರೂ ಬಿಡದೆ ಕೂಗುತ್ತಿರುತ್ತೇನೆ.

ರೀನಿ